ಚಿಕ್ಕಮಾದಮ್ಮ ಕಲಸಿಟ್ಟ ಮಣ್ಣು

ನಮ್ಮೂರ ಸಮುದಾಯ ಭವನದ ಮುಂಬಾಗಿಲು ಹೊಸದಲ್ಲ. ಪಟೇಲರ ಹಳೆಯ ಮನೆಯನ್ನು ಕೆಡವಿದಾಗ ಉಳಿದ ತೇಗದ ಜೋಡಿ ಬಾಗಿಲು ಅದು. ಹಳೆಯ ಮರವನ್ನೇ ಬಳಸಿದರೆ ಇನ್ನೊಂದು ಮರ ಕಡಿಯುವುದು ತಪ್ಪುತ್ತದೆ ಎಂದು ಭವನದ ನಕ್ಷೆ ಬರೆದ ಎಂಜಿನಿಯರ್ ನಯನ ಹೇಳಿದ್ದಳು. ಮೈಸೂರಿನ ಹುಡುಗಿ, ಒಳ್ಳೆಯ ಮನಸ್ಸಿನವಳು. ಅವಳು ಹೇಳಿದ್ದು ಸರಿ. ಆದರೆ ಆ ಬಾಗಿಲು ನನಗೆ ಅವಳಿಗಿಂತ ಮೊದಲೇ ಗೊತ್ತಿತ್ತು. ಅದರ ಮುಂದೆ ನನ್ನ ತಂದೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಒಳಗಿನಿಂದ ಯಾರಾದರೂ ಬಂದು ಏನು ಎಂದು ಕೇಳುವವರೆಗೂ ಬಿಸಿಲಿನಲ್ಲಿ ನಿಲ್ಲುತ್ತಿದ್ದರು. ಅವರ ಪಂಚೆಯನ್ನು ಹಿಡಿದುಕೊಂಡು ನಾನೂ ನಿಂತಿದ್ದೇನೆ. ಬಾಗಿಲಿನ ಮೇಲಿನ ಹಿತ್ತಾಳೆ ಹೂಗಳನ್ನು ಅಷ್ಟು ದೂರದಿಂದಲೇ ನೋಡಿ ಬೆಳೆದವನು ನಾನು.

ನಮ್ಮೂರು ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿದೆ. ಮೇಲಿನ ಬೀದಿ, ನಮ್ಮ ಬೀದಿ ಎಂದು ಎರಡು ಭಾಗ. ಯಾರ ಬೀದಿ ಯಾವುದೆಂದು ನಾನು ವಿವರಿಸಬೇಕಾಗಿಲ್ಲ. ಭವನ ನಡುವೆ ಇದೆ. ಮುಂಬಾಗಿಲು ಮೇಲಿನ ಬೀದಿಗೆ ತೆರೆಯುತ್ತದೆ, ಹಿಂಬಾಗಿಲು ನಮ್ಮ ಬೀದಿಗೆ. ಸರ್ಕಾರದ ಹಣದಲ್ಲಿ ಕಟ್ಟಿದ್ದು. ಸಿಮೆಂಟು ಕಡಿಮೆ, ಮಣ್ಣು ಹೆಚ್ಚು. ಸೂರಿನ ಮೇಲೆ ಬಿದ್ದ ಮಳೆನೀರು ತೊಟ್ಟಿಗೆ ಇಳಿಯುತ್ತದೆ. ಬೇಸಿಗೆಯಲ್ಲೂ ಒಳಗೆ ತಂಪು. ‘ಪರಿಸರ ಸ್ನೇಹಿ ಭವನ, ಸರ್ವರಿಗೂ ಸ್ವಾಗತ’ ಎಂದು ಮುಂದೆ ಬೋರ್ಡು ಹಾಕಿದ್ದಾರೆ.

ಆ ಗೋಡೆಗಳಿಗೆಲ್ಲ ಮಣ್ಣು ತುಳಿದವಳು, ಮೆತ್ತಿದವಳು, ಸಾರಿಸಿದವಳು ನನ್ನ ಹೆಂಡತಿ ಚಿಕ್ಕಮಾದಮ್ಮ. ಅವಳ ಜೊತೆ ಮಂಚಮ್ಮ ಮತ್ತು ನಮ್ಮ ಬೀದಿಯ ಇನ್ನಷ್ಟು ಹೆಂಗಸರು. ಮೆತ್ತುವ ಮಣ್ಣನ್ನು ಅವಳು ಮನೆಯ ಪಕ್ಕ ತೋಡಿದ ಹಳ್ಳದಲ್ಲಿ ನೆನೆಹಾಕುತ್ತಿದ್ದಳು. ಕೆರೆಯ ಮಣ್ಣು, ಕತ್ತರಿಸಿದ ಬತ್ತದ ಹುಲ್ಲು, ಸಗಣಿ. ದಿನವೂ ನೀರು ಹಾಕಿ ತುಳಿಯಬೇಕು. ಹುಲ್ಲು ಕೊಳೆತು ಹುಳಿ ವಾಸನೆ ಹೊಡೆಯುವ ತನಕ ಅವಳು ಅದನ್ನು ಗೋಡೆಗೆ ಮುಟ್ಟಿಸುತ್ತಿರಲಿಲ್ಲ. ಮನೆಗೆ ಬಂದರೆ ಆ ವಾಸನೆ ಅವಳ ಜೊತೆಯಲ್ಲೇ ಬರುತ್ತಿತ್ತು. ‘ಮೇಷ್ಟ್ರ ಹೆಂಡ್ತಿ ಹಿಂಗೆ ನಾರಬಾರ್ದು ಅಂತೀರೇನೋ’ ಎಂದು ನನ್ನನ್ನು ಕೆಣಕಿ ನಗುತ್ತಿದ್ದಳು.

ಮುಂದಿನ ಜಗಲಿಯೊಂದು ಉಳಿದಿತ್ತು. ಅದಕ್ಕೆಂದು ಮಣ್ಣು ನೆನೆಹಾಕಿ, ತುಳಿದು, ಮಧ್ಯಾಹ್ನ ಮನೆಗೆ ಬಂದು ಗೋಡೆಗೆ ಒರಗಿ ಕುಳಿತಳು. ನೀರು ಕೇಳಿದಳು. ನಾನು ಚೊಂಬು ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಮಗಳು ಕವನ ಅಮ್ಮನಿಗೆ ನೀರು ಹಾಕುವಾಗ ಕಾಲನ್ನು ತಿಕ್ಕಿಯೇ ತಿಕ್ಕಿದಳು. ಕಾಲುಗುರಿನ ಸಂದಿಯ ಮಣ್ಣು ಹೋಗಲಿಲ್ಲ.

‘ಇರಲಿ ಬಿಡವ್ವ,’ ಎಂದೆ. ‘ಅದರೊಂದಿಗೇ ಹೋಗಲಿ.’

ಹನ್ನೊಂದನೆಯ ದಿನದ ತಿಥಿಯನ್ನು ಭವನದಲ್ಲೇ ಮಾಡಬೇಕೆಂದು ನಾನು ನಿಶ್ಚಯಿಸಿದೆ. ಸೋಸಲೆಯಿಂದ ಅವಳ ತವರಿನವರು, ಮುಡುಕುತೊರೆಯಿಂದ ನನ್ನ ತಂಗಿಯ ಮನೆಯವರು ಬರುತ್ತಾರೆ. ಕಾರ್ತಿಕದ ಮಳೆ ಯಾವಾಗ ಹೊಡೆಯುತ್ತದೆಂದು ಹೇಳಲಾಗದು. ಅದಕ್ಕಿಂತ ಹೆಚ್ಚಾಗಿ, ಅದು ಅವಳ ಕೈಯಿಂದ ಎದ್ದ ಮನೆ. ಅವಳಿಗೆ ಎಡೆ ಇಡುವುದಕ್ಕೆ ಅದಕ್ಕಿಂತ ಸರಿಯಾದ ಜಾಗ ಊರಿನಲ್ಲಿ ಇನ್ನೊಂದು ಇರಲಿಲ್ಲ.

ಭವನದ ಸಮಿತಿಯ ಅಧ್ಯಕ್ಷ ಶಿವರಾಜು. ಬಸ್‌ ಸ್ಟಾಂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನರಸೀಪುರದ ಶಾಲೆಯಲ್ಲಿ ನಾನೇ ಅವನಿಗೆ ಪಾಠ ಹೇಳಿದ್ದೆ. ನಾನು ಹೋದಾಗ ಎದ್ದು ನಿಂತು ಕುರ್ಚಿ ಎಳೆದ.

‘ಬನ್ನಿ ಮೇಷ್ಟ್ರೇ, ಕೂತ್ಕಳಿ. ಅಮ್ಮಾವ್ರು ಹೋದದ್ದು ಬಾಳ ಬೇಜಾರಾಯ್ತು. ಆ ಗೋಡೆ ನೋಡ್ದಾಗೆಲ್ಲಾ ಅವ್ರೇ ಗೆಪ್ತಿಗೆ ಬತ್ತಾರೆ ಕಣ್ರೀ.’

‘ತಿಥಿಯನ್ನ ಭವನದಲ್ಲಿ ಮಾಡೋಣ ಅಂತಿದ್ದೀನಿ ಶಿವರಾಜು.’

‘ಮಾಡಿ, ಅದ್ಕೇನಂತೆ? ಭವನ ಇರೋದೇ ಎಲ್ಲಾರ್ಗೂ.’ ಡ್ರಾಯರಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. ‘ಇದು ಹಿಂಬಾಗ್ಲುದು. ಹಿತ್ಲಲ್ಲೇ ಅಡ್ಗೆ ಮಾಡ್ಕಳಿ, ಅಂಗೇ ಒಳಕ್ಕೋಗಿ ಬಡಿಸ್ಕಳಿ. ಮುಂದ್ಲು ಬಾಗ್ಲು ಅಗುಳಿ ಒಂದ್ ಮಾತ್ರ ತಗೀಬ್ಯಾಡಿ.’

ಮುಂಬಾಗಿಲಿಗೆ ಹೊರಗಿನಿಂದ ಬೀಗವಿಲ್ಲ. ಒಳಗಿನಿಂದ ಅಡ್ಡಮರದ ಅಗುಳಿ ಹಾಕಿ, ಹಿಂಬಾಗಿಲಿನಿಂದ ಹೊರಬಂದು ಬೀಗ ಹಾಕುತ್ತಾರೆ.

‘ಯಾಕೆ ತೆಗೀಬಾರದು?’ ಎಂದೆ.

‘ಅದು ಹಂಗೇ ನಡ್ಕಂಡು ಬಂದದೆ.’

‘ಭವನ ಕಟ್ಟಿ ಇನ್ನೂ ವರ್ಷ ತುಂಬಿಲ್ಲ ಕಣಪ್ಪ. ಏನು ನಡ್ಕೊಂಡು ಬಂತು?’

ಅವನು ನಕ್ಕ. ‘ನಿಮ್ ಬಾಯಿಗೆ ನಾವಾಗ್ತೀವಾ ಮೇಷ್ಟ್ರೇ! ನೋಡಿ, ಬರೋ ತಿಂಗ್ಳು ನಮ್ಮ ರಮ್ಯನ ಮದ್ವೆ ಅಲ್ಲೇ ಮಾಡ್ತಾ ಇದೀವಿ. ತಿಥಿ ಜನ ಬಂದ ಬಾಗ್ಲಲ್ಲಿ ಹೆಣ್ಣು ಗಂಡು ಹೆಂಗ್ ಕರ್ಕೊಂಡ್ ಬರೋದು, ನೀವೇ ಯೋಳಿ.’

‘ಹೋದ ತಿಂಗಳು ನಿಮ್ಮ ದೊಡ್ಡಪ್ಪ ತೀರಿಕೊಂಡಾಗ ಗಣಾರಾಧನೆ ಅಲ್ಲೇ ಆಯ್ತಲ್ಲ. ಎಲ್ಲರೂ ಮುಂಬಾಗಿಲಲ್ಲೇ ಬಂದರಲ್ಲ.’

‘ಅದು ಬ್ಯಾರೆ.’

‘ಹೇಗೆ ಬೇರೆ?’

ಅವನು ತಕ್ಕಡಿಯ ತಟ್ಟೆ ಒರೆಸತೊಡಗಿದ. ಒರೆಸುತ್ತಲೇ ಹೇಳಿದ: ‘ಹಿಂದ್ಲುದೂ ಬಾಗ್ಲೇ ಅಲ್ವಾ ಮೇಷ್ಟ್ರೇ? ಎಂಜಿನಿಯರಮ್ಮನೇ ಯೋಳವ್ರೆ, ಗಾಳಿಗೆ ಎರಡು ಬಾಗ್ಲೂ ಒಂದೇಯ ಅಂತ.’

‘ಗಾಳಿಗೆ ಒಂದೇ. ನಾವು ಗಾಳಿ ಅಲ್ಲವಲ್ಲ.’

‘ನಿಮ್ ಮ್ಯಾಲೆ ನಂಗೆ ಗೌರವ ಇಲ್ವಾ? ಊರೋರು ಒಪ್ಪಬೇಕಲ್ಲ. ಬುಡಿ, ದುಃಖದಲ್ಲಿ ಇದೀರಿ, ಇದನ್ನೆಲ್ಲ ತಲೇಗ್ ಹಾಕ್ಕೋಬ್ಯಾಡಿ.’

ನಾನು ಮತ್ತೆ ಮಾತನಾಡಲಿಲ್ಲ. ಬೀಗದ ಕೈ ತೆಗೆದುಕೊಂಡು ಹೊರಬಂದೆ. ಅಗುಳಿ ತೆಗೆಯುವುದಿಲ್ಲ ಎಂದು ಮಾತು ಕೊಡಲಿಲ್ಲ. ನಾನು ಸುಮ್ಮನಾದದ್ದನ್ನು ಅವನು ಒಪ್ಪಿಗೆ ಎಂದು ತಿಳಿದ. ಅದು ಅವನೊಬ್ಬನ ತಪ್ಪಲ್ಲ. ಅವನ ತಂದೆ, ಅವನ ತಾತ, ಎಲ್ಲರೂ ನಮ್ಮ ಮೌನವನ್ನು ಹಾಗೆಯೇ ಓದಿಕೊಂಡು ಬಂದವರು.

ಮನೆಯ ಮುಂದೆ ಎಲ್ಲರೂ ಕುಳಿತಿದ್ದರು. ನಾನು ಹೇಳಿದ್ದನ್ನು ಕೇಳಿ ಕವನ ಎದ್ದು ನಿಂತಳು. ಅವಳು ನಂಜನಗೂಡಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ.

‘ಈಗಲೇ ಹೋಗಿ ಕಂಪ್ಲೇಂಟ್ ಕೊಡೋಣಪ್ಪ. ಸರ್ಕಾರದ ಕಟ್ಟಡ ಅದು. ಇದಕ್ಕೆ ಕಾನೂನಿದೆ.’

‘ಕೊಡವ್ವ, ಬ್ಯಾಡ ಅಂದೋರ್ಯಾರು?’ ಎಂದಳು ಮಂಚಮ್ಮ. ಎಲೆಅಡಿಕೆ ಜಗಿಯುತ್ತಾ ಕುಳಿತಿದ್ದಳು. ‘ಆದ್ರೆ ತಿಥಿ ನಾಳಿದ್ದು. ನಿನ್ ಕಾನೂನು ನಾಳಿದ್ದಕ್ಕೆ ಬಂದು ಬಾಗ್ಲು ತಗ್ದಾದಾ?’

‘ನಮ್ಮ ಬೀದಿಯಲ್ಲೇ ಶಾಮಿಯಾನ ಹಾಕುಸ್ಬುಡಿ ಮೇಷ್ಟ್ರೇ,’ ಎಂದರು ಒಬ್ಬರು. ‘ಸತ್ತೋರ ಕಾರ್ಯದಲ್ಲಿ ಜಗಳ ಯಾಕೆ?’

‘ಶಾಮಿಯಾನಕ್ಕೆ ಅವ್ಳು ಮಣ್ಣು ಮೆತ್ತಿದ್ಲಾ?’ ಮಂಚಮ್ಮ ರೇಗಿದಳು. ‘ಆ ಹಿಂಬಾಗ್ಲು ಚೌಕಟ್ಟು ನಿಲ್ಸುವಾಗ ಸುತ್ತ ಮಣ್ಣು ತುಂಬ್ದೋಳು ನಾನು. ಆಗ ಇದು ಗಾಳಿ ಬರೋ ಬಾಗ್ಲು ಅಂದ್ರು. ಈಗ ನಮ್ ಬಾಗ್ಲಂತೆ. ನಾವ್ ಮಡಗಿದ ಬಾಗ್ಲು ತಾನೇ ಅದು? ನಾವೇ ಮುಚ್ಚಿಬುಟ್ರೆ?’

ಯಾರೋ ನಕ್ಕರು. ಮಂಚಮ್ಮ ನಗಲಿಲ್ಲ. ನಮ್ಮ ಮನೆಯ ಪಕ್ಕದ ಹಳ್ಳದ ಕಡೆ ನೋಡುತ್ತಿದ್ದಳು. ಚಿಕ್ಕಮಾದಮ್ಮ ಹೋದ ದಿನದಿಂದ ಪ್ರತಿ ಬೆಳಿಗ್ಗೆ ಆ ಮಣ್ಣಿಗೆ ನೀರು ಹಾಕಿ, ಒದ್ದೆ ಗೋಣಿಚೀಲ ಹೊದಿಸಿ ಕಾಪಾಡಿದವಳು ಅವಳೇ. ಯಾಕೆ ಎಂದು ನಾನು ಕೇಳಿರಲಿಲ್ಲ. ಅದನ್ನು ಒಣಗಲು ಬಿಡಲು ಅವಳಿಗೂ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ.

‘ಭವನದ ಹಿತ್ಲಲ್ಲಿ ಮಣ್ಣಿಟ್ಟಿಗೆ ಇನ್ನೂ ಒಂದು ಗುಡ್ಡೆ ಬಿದ್ದವೆ,’ ಎಂದಳು ಮಂಚಮ್ಮ. ‘ಮಣ್ಣೂ ಅದೆ. ಹುಳಿ ಬಂದದೆ. ಇನ್ನೇನಾಗ್ಬೇಕು?’

‘ಆಗಲಿ,’ ಎಂದೆ.

ನಯನಳಿಗೆ ಫೋನು ಮಾಡಿಸಿದೆ. ವಿಷಯ ಹೇಳಿದೆ. ‘ಸರ್, ನಾನು ಆ ಬಾಗಿಲು ಇಟ್ಟಿದ್ದು ನದಿ ಕಡೆ ಗಾಳಿಗೆ,’ ಎಂದಳು. ‘ಇದು ನನ್ನ ತಲೆಗೇ ಬರಲಿಲ್ಲ. ಶಿವರಾಜು ಅವರ ಹತ್ರ ನಾನು ಮಾತಾಡ್ತೀನಿ.’

‘ಮಾತು ಆಯ್ತಮ್ಮ. ಗಾಳಿ ನಿಲ್ಲದ ಹಾಗೆ ಆ ಜಾಗ ಮುಚ್ಚೋದು ಹೇಗೆ, ಅದನ್ನ ಹೇಳು.’

‘ಜಾಲಂದ್ರ ಮಾಡಬಹುದು. ಇಟ್ಟಿಗೆ ನಡುನಡುವೆ ತೂತು ಬಿಟ್ಟು ಕಟ್ಟಿದರೆ ಗಾಳಿ ಬರುತ್ತೆ. ಆದರೆ ಸರ್, ಅಷ್ಟು ಜನ ಸೇರೋ ಕಡೆ ಇನ್ನೊಂದು ಬಾಗಿಲು ಇರಲೇಬೇಕು. ಬೆಂಕಿ ಗಿಂಕಿ ಅಂದರೆ ಕಷ್ಟ.’

‘ಪಕ್ಕದ ಗೋಡೆಗೆ ಒಂದು ತೆಗಿ. ಎರಡು ಬೀದಿಗೂ ಸೇರದ ಹಾಗೆ.’

‘ಬರೋ ವಾರವೇ ಬರ್ತೀನಿ ಸರ್. ಅಲ್ಲಿವರೆಗೆ ಒಳಗೆ ಒಲೆ ಹಚ್ಚಬೇಡಿ,’ ಎಂದಳು.

ಮಾರನೆಯ ದಿನ ಮೊದಲ ಬಸ್ಸಿಗೆ ನಂಜನಗೂಡಿಗೆ ಹೋಗಿ ಕಪಿಲೆಯಲ್ಲಿ ಮುಳುಗಿ ಬಂದೆ. ಸೂತಕದಲ್ಲಿ ಗುಡಿಯೊಳಗೆ ಹೋಗಬಾರದೆಂದು ಗೋಪುರದ ಮುಂದೆಯೇ ಕೈಮುಗಿದು ನಿಂತೆ. ಸೋಮವಾರ ತಪ್ಪದೆ ಬಂದು ನಿಂತ ಜಾಗ ಅದು. ನಂಜನ್ನು ನುಂಗಿ ಕಂಠದಲ್ಲೇ ನಿಲ್ಲಿಸಿಕೊಂಡ ಸ್ವಾಮಿ ನಮ್ಮವನು. ಸ್ಟಾಫ್ ರೂಮಿನಲ್ಲಿ ನನ್ನ ಲೋಟವನ್ನು ಬೇರೆ ಇಟ್ಟಾಗಲೂ, ಮದುವೆ ಮನೆಯಲ್ಲಿ ನನ್ನನ್ನು ಕೊನೆಯ ಪಂಕ್ತಿಗೆ ಕಳಿಸಿದಾಗಲೂ ನಾನು ಅವನನ್ನು ನೆನೆದು ನುಂಗಿದ್ದುಂಟು. ಆ ದಿನ ಅವನಿಗೆ ನೇರವಾಗಿ ಹೇಳಿದೆ: ಸ್ವಾಮಿ, ನೀನು ನುಂಗಿದ್ದರಿಂದ ಲೋಕ ಉಳಿಯಿತು. ನಾನು ನುಂಗಿದ್ದರಿಂದ ಯಾರು ಉಳಿದರು? ನಂಜು ನುಂಗುವುದು ನಿನ್ನ ಕೆಲಸ. ನನ್ನದಲ್ಲ. ನಾಳೆ ನಾನು ನುಂಗುವುದಿಲ್ಲ.

ಗಂಟೆಯ ಸದ್ದು ಕೇಳಿಸಿತು. ಅದನ್ನೇ ಅಪ್ಪಣೆ ಎಂದುಕೊಂಡೆ.

ತಿಥಿಯ ದಿನ ಬೆಳಗಾಗುತ್ತಿದ್ದಂತೆ ಶುರು ಮಾಡಿದೆವು. ಮೊದಲು ಹಿಂಬಾಗಿಲ ಬೀಗ ತೆಗೆದು ಒಳಗೆ ಹೋದೆವು. ಒಳಗೆ ಕತ್ತಲೆ, ತಂಪು, ಅವಳು ಸಾರಿಸಿದ ನೆಲದ ವಾಸನೆ. ಮುಂಬಾಗಿಲ ಅಗುಳಿಯನ್ನು ಎತ್ತಲು ನಾನೂ ಕವನಳೂ ಸೇರಬೇಕಾಯಿತು. ಅದು ಅಷ್ಟು ಭಾರವೆಂದು ನಾನು ತಿಳಿದಿರಲಿಲ್ಲ. ಹೊರಗಿನಿಂದ ನೋಡಿದವನಿಗೆ ಹೇಗೆ ತಿಳಿಯಬೇಕು?

ಹೆಂಗಸರು ಹಿಂಬಾಗಿಲ ಹಲಗೆಗಳನ್ನು ಚೌಕಟ್ಟಿನಿಂದ ಕಳಚಿ ಹೊರಗೆ ಒರಗಿಸಿದರು. ಹಳ್ಳದ ಮಣ್ಣನ್ನು ಕೊನೆಯ ಸಲ ತುಳಿಯಬೇಕಿತ್ತು. ನಾನು ಪಂಚೆ ಎತ್ತಿ ಕಟ್ಟಿ ಹಳ್ಳಕ್ಕೆ ಇಳಿದೆ.

‘ಅಯ್ ಮೇಷ್ಟ್ರೇ, ಜಾರಿ ಬಿದ್ರೆ ಎರಡು ತಿಥಿ ಒಟ್ಗೇ ಮಾಡ್ಬೇಕಾಯ್ತದೆ!’ ಮಂಚಮ್ಮ ಕೂಗಿದಳು. ಕೂಗುತ್ತಲೇ ಕೈ ಕೊಟ್ಟಳು.

ಮಣ್ಣು ತಣ್ಣಗೆ ಬೆರಳುಗಳ ನಡುವೆ ಏರಿತು. ನಾರುತ್ತಿತ್ತು, ಚೆನ್ನಾಗಿ ನಾರುತ್ತಿತ್ತು. ಆ ವಾಸನೆಯನ್ನು ಇಷ್ಟು ದಿನ ನಾನು ಮನೆಯೊಳಗೆ ಹುಡುಕಿದ್ದೆ. ಹಳ್ಳದಲ್ಲಿ ನಿಂತು ಅತ್ತೆ. ಯಾರೂ ಸಮಾಧಾನ ಹೇಳಲಿಲ್ಲ. ತುಳಿಯುತ್ತಾ ಇದ್ದರು. ನಾನೂ ತುಳಿದೆ.

ಬಿಸಿಲು ಏರುವ ಮೊದಲೇ ಬಾಗಿಲಿದ್ದ ಜಾಗದಲ್ಲಿ ಗೋಡೆ ಎದ್ದಿತು. ಮೇಲ್ಭಾಗದಲ್ಲಿ ಜಾಲಂದ್ರ. ಅಂಗೈ ಒಡ್ಡಿದರೆ ಗಾಳಿ ಬರುತ್ತಿತ್ತು. ನಯನಳ ಗಾಳಿಗೆ ಮೋಸವಾಗಲಿಲ್ಲ.

ಆಮೇಲೆ ಸ್ನಾನ ಮಾಡಿ, ಚಿಕ್ಕಮಾದಮ್ಮನ ಪಟಕ್ಕೆ ಹೂ ಹಾಕಿ ಹೊರಟೆವು. ಮುಂದೆ ಪದ ಹಾಡುವ ನೀಲಗಾರರ ತಂಬೂರಿ, ಹಿಂದೆ ಎಡೆಯ ಮಂಕರಿ ಹೊತ್ತ ಹೆಂಗಸರು, ನಡುವೆ ಪಟ ಹಿಡಿದು ನಾನು. ಮುಂಬಾಗಿಲಿಗೆ ಹೋಗಬೇಕಾದರೆ ಮೇಲಿನ ಬೀದಿಯನ್ನು ಸುತ್ತಿ ಹೋಗಬೇಕು. ನಾನು ಚಪ್ಪಲಿ ಹಾಕಿಕೊಂಡಿದ್ದೆ. ಕವನ ಗಮನಿಸಿದಳು. ತಾನೂ ಹಾಕಿಕೊಂಡಳು. ಜಗಲಿಗಳ ಮೇಲಿದ್ದವರು ಎದ್ದು ನಿಂತರು. ಗೌರವಕ್ಕಲ್ಲ, ಆಶ್ಚರ್ಯಕ್ಕೆ. ಯಾರೋ ಓಡಿದರು, ಶಿವರಾಜುವಿಗೆ ಹೇಳಲು.

ನಾವು ಬಾಗಿಲು ತಲುಪುವ ಹೊತ್ತಿಗೆ ಅವನು ಸ್ಕೂಟರಿನಲ್ಲಿ ಬಂದ. ಹಿಂದೆ ಮೂರುನಾಲ್ಕು ಜನ.

‘ಏನಿದು ಮೇಷ್ಟ್ರೇ? ಹಿಂಬಾಗ್ಲಲ್ಲಿ ಬನ್ನಿ ಅಂದಿರ್ಲಿಲ್ವಾ?’

ನಾನು ಉತ್ತರ ಕೊಡುವ ಮೊದಲೇ ಮಂಚಮ್ಮ ಹೇಳಿದಳು: ‘ಯಾವ ಹಿಂಬಾಗ್ಲು ಸಾ? ಒಂದ್ ಸುತ್ತು ಹೋಗಿ ನೋಡ್ಕಂಡು ಬನ್ನಿ.’

ಅವನು ಭವನವನ್ನು ಸುತ್ತಿ ಹೋದ. ನಾವು ಕಾದೆವು. ತಂಬೂರಿ ನಿಲ್ಲಲಿಲ್ಲ. ವಾಪಸ್ಸು ಬಂದಾಗ ಮುಖ ಕೆಂಪಾಗಿತ್ತು. ಅಂಗಿಯ ತೋಳಿಗೆ ಹಸಿಮಣ್ಣು ಹತ್ತಿತ್ತು. ಗೋಡೆ ನಿಜವೋ ಎಂದು ತಳ್ಳಿ ನೋಡಿರಬೇಕು.

‘ಸರ್ಕಾರಿ ಬಿಲ್ಡಿಂಗು ಕಣ್ರೀ ಇದು! ಕೇಸ್ ಆಯ್ತದೆ. ಈಗಲೇ ಒಡೆಸ್ತೀನಿ.’

‘ಒಡೆಸು,’ ಎಂದೆ. ‘ಕೇಸನ್ನೂ ಹಾಕು. ಆ ಬಾಗಿಲು ಯಾರಿಗೆ, ಈ ಬಾಗಿಲು ಯಾರಿಗೆ ಅಂತ ಕೋರ್ಟಿನಲ್ಲಿ ನಿಂತು ನೀನೇ ಹೇಳು. ನನ್ನ ಮಗಳು ಕೊಡೋ ದೂರಿನಲ್ಲೂ ಕೇಳೋದು ಅದನ್ನೇ.’

ಅವನು ಹಿಂದಿದ್ದವರ ಕಡೆ ತಿರುಗಿದ. ಗುದ್ದಲಿ ತರಲು ಯಾರೂ ಅಲುಗಲಿಲ್ಲ.

‘ಒಡಿಯೋದೇನು ಸಾ, ಯಾರ್ ಬೇಕಾದ್ರೂ ಒಡೀಬೋದು,’ ಎಂದಳು ಮಂಚಮ್ಮ. ‘ಆಮೇಲೆ ಮೆತ್ತೋಕೆ ಯಾರ್ನ ಕರೀತೀರಿ? ವರ್ಷಕ್ಕೊಂದ್ ಸಲ ಈ ಗೋಡೆಗೆಲ್ಲಾ ಮಣ್ಣು ಬೀಳ್ಬೇಕು, ಇಲ್ದಿದ್ರೆ ಮಳೆ ತಿಂದಾಕ್ತದೆ. ನಿಮ್ ಬೀದಿ ಅಮ್ಮಂದ್ರು ಬಂದು ಸಗಣಿ ತುಳೀತಾರಾ? ಕಳ್ಸಿ, ನಾನೇ ಕಲಿಸ್ಕೊಡ್ತೀನಿ.’

ನಮ್ಮ ಕಡೆ ಹೆಂಗಸರೆಲ್ಲ ನಕ್ಕುಬಿಟ್ಟರು. ಮೇಲಿನ ಬೀದಿಯ ಜಗಲಿಯಿಂದಲೂ ಒಂದು ನಗು ಕೇಳಿಸಿತು. ಯಾರದೆಂದು ಗೊತ್ತಾಗಲಿಲ್ಲ.

ಶಿವರಾಜು ಬಾಗಿಲಿಗೆ ಅಡ್ಡವಾಗಿ ನಿಂತ. ಧ್ವನಿ ತಗ್ಗಿಸಿದ. ‘ಮೇಷ್ಟ್ರೇ, ನೀವು ನಂಗೆ ಅಕ್ಷರ ಕಲಿಸ್ದೋರು. ಇವತ್ತೊಂದ್ ದಿನ ನನ್ ಮಾನ ಉಳ್ಸಿ.’

‘ನಾನೇ ಕಲಿಸಿದ ಅಕ್ಷರ ಅಲ್ಲಿ ಬೋರ್ಡಿನ ಮೇಲಿದೆ ಶಿವರಾಜು. ಓದು.’

ಅವನು ಓದಲಿಲ್ಲ. ತಲೆಯನ್ನೂ ಎತ್ತಲಿಲ್ಲ.

‘ನಿನ್ನ ಮಾನ ಈ ಬಾಗಿಲಲ್ಲಿ ನಾವು ಬಂದರೆ ಹೋಗುತ್ತೆ ಅಂದರೆ, ಅದು ಹೋಗಲಿ,’ ಎಂದೆ. ‘ಒಳಗಿರೋ ಗೋಡೆಯಲ್ಲಿ ನನ್ನ ಹೆಂಡತಿ ಮುಟ್ಟದ ಒಂದು ಗೇಣು ಜಾಗ ತೋರಿಸು. ತೋರಿಸಿದರೆ ನಾನು ಈಗಲೇ ತಿರುಗಿ ಹೋಗ್ತೀನಿ. ಅವಳು ಮೆತ್ತಿದ ಗೋಡೆಗೆ ಒರಗಿ ನೀವು ಊಟ ಮಾಡಿದಿರಿ. ಅವಳು ಸಾರಿಸಿದ ನೆಲದ ಮೇಲೆ ಎಲೆ ಹಾಕಿದಿರಿ. ಇವತ್ತು ಅವಳು ಬಂದಿದ್ದಾಳೆ. ದಾರಿ ಬಿಡು.’

ಪಟವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಮುಂದಿಟ್ಟೆ. ಅವನು ಹಿಂದಕ್ಕೆ ಸರಿದ. ಪಟ ಮೈಗೆ ತಗುಲೀತು ಎಂದು ಸರಿದನೋ, ನಾಚಿ ಸರಿದನೋ, ನಾನು ಹೇಳಲಾರೆ. ಸರಿದ.

ಕವನ ಬಾಗಿಲನ್ನು ತಳ್ಳಿದಳು. ಎರಡು ಕದಗಳೂ ತೆರೆದವು.

ಹೊಸ್ತಿಲ ಬಳಿ ನಾನು ಚಪ್ಪಲಿ ಬಿಟ್ಟೆ. ಕೈಯಲ್ಲಿ ಹಿಡಿದುಕೊಳ್ಳಲಿಲ್ಲ, ಬಾಗಿಲ ಪಕ್ಕದಲ್ಲಿ ಬಿಟ್ಟೆ. ಒಳಗಿನದು ಅವಳು ಸಾರಿಸಿದ ನೆಲ, ಅದಕ್ಕೆ ಬಿಟ್ಟೆ. ತಂದೆಯ ನೆನಪಾಯಿತು. ಬಲಗಾಲಿಟ್ಟು ಒಳಗೆ ಹೋದೆ.

ಪಟವನ್ನು ಎಲ್ಲಿ ಇಡಬೇಕೆಂದು ಯಾರೂ ಕೇಳಲಿಲ್ಲ. ಹಿಂದಿನ ಗೋಡೆಯ ಹಸಿಮಣ್ಣಿನ ಮುಂದೆ ಇಟ್ಟೆವು. ಜಾಲಂದ್ರದಿಂದ ಗಾಳಿ ಬರುತ್ತಿತ್ತು. ದೀಪವನ್ನು ಸ್ವಲ್ಪ ಮರೆಯಲ್ಲಿಡಬೇಕಾಯಿತು. ಮುದ್ದೆ, ಹುರುಳಿ ಬಸ್ಸಾರು, ಅವಳಿಗೆ ಇಷ್ಟವಾದ ಒಬ್ಬಟ್ಟು ಎಡೆಗೆ ಬಂದವು. ಮಧ್ಯಾಹ್ನ ಜೋರು ಮಳೆ ಹೊಡೆಯಿತು. ಎಲ್ಲರೂ ಒಳಗೆ ಕುಳಿತು ಉಂಡೆವು. ಮೇಲಿನ ಬೀದಿಯವರು ಯಾರೂ ಬರಲಿಲ್ಲ. ಬಾಗಿಲು ತೆರೆದೇ ಇತ್ತು.

ಮಾರನೆಯ ದಿನ ಮುಂಬಾಗಿಲಿನಿಂದ ಹಿಡಿದು ನೆಲಕ್ಕೆಲ್ಲ ಗಂಜಲ ಚಿಮುಕಿಸಿದರು ಎಂದು ಸುದ್ದಿ ಬಂತು. ಕವನಳ ಕಣ್ಣು ತುಂಬಿತು. ಮಂಚಮ್ಮ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: ‘ಚಿಮುಕಿಸ್ಲಿ ಬುಡವ್ವ. ಮಣ್ಣಿನ ನೆಲಕ್ಕೆ ಗಂಜಲ ಬಾಳ ಒಳ್ಳೇದು. ಬಿರುಕು ಬುಡಾಕಿಲ್ಲ. ಕೂಲಿ ಇಲ್ದೆ ಮಾಡ್ಕೊಟ್ಟವ್ರೆ, ದಿನಾ ಮಾಡ್ಲಿ.’

ಕವನ ದೂರನ್ನೂ ಕೊಟ್ಟಳು. ಅದು ನಡೆಯುತ್ತಿದೆ. ನಯನ ಹೇಳಿದಂತೆ ಬಂದಳು. ಪಕ್ಕದ ಗೋಡೆಯಲ್ಲಿ ಬಾಗಿಲು ತೆಗೆಯುತ್ತಿದ್ದಾರೆ.

ಹದಿನೈದು ದಿನ ಕಳೆದ ಮೇಲೆ ಶಿವರಾಜು ನಮ್ಮ ಬೀದಿಗೆ ಬಂದ. ಸ್ಕೂಟರಿನಿಂದ ಇಳಿಯದೆ ಮಾತನಾಡಿದ. ಮದುವೆಯ ಕರೆಯೋಲೆ ಹಂಚಿ ಆಗಿದೆ, ಮುಂದಿನ ಜಗಲಿ ಅರ್ಧಕ್ಕೇ ನಿಂತು ಅಸಹ್ಯವಾಗಿ ಕಾಣುತ್ತಿದೆ, ಮುಗಿಸಿಕೊಡಬೇಕು.

‘ಮುಗಿಸ್ತೀವಿ ಸಾ, ಮಣ್ಣು ಇನ್ನೂ ಅದೆ,’ ಎಂದಳು ಮಂಚಮ್ಮ. ‘ಆದ್ರೆ ಕೆಲ್ಸ ಮಾಡೋರು ನೀರು ನಿಡಿ ಅಂತ ಒಳಕ್ಕೂ ಹೊರಕ್ಕೂ ಓಡಾಡ್ತೀವಿ. ಮುಂಬಾಗ್ಲಲ್ಲೇಯ. ಆಯ್ತದಾ?’

ಅವನು ನನ್ನ ಕಡೆ ನೋಡಿದ. ನಾನು ಒಳಗೆ ಹೋಗಿ ಹಿಂಬಾಗಿಲ ಬೀಗದ ಕೈಯನ್ನು ತಂದು ಅವನ ಅಂಗೈಯಲ್ಲಿಟ್ಟೆ.

‘ಇದ್ಯಾಕೆ ಈಗ?’ ಎಂದ.

‘ನಿಮ್ಮದು. ನಮಗೆ ಬೇಕಾಗಿಲ್ಲ.’

ಅವನು ಅದನ್ನು ಜೇಬಿಗೆ ಹಾಕಿಕೊಂಡು ಹೊರಟ. ಮಂಚಮ್ಮ ಗೋಣಿಚೀಲ ಸರಿಸಿ ಹಳ್ಳಕ್ಕೆ ನೀರು ಹಾಕಿದಳು. ನಾನು ಪಂಚೆ ಎತ್ತಿ ಕಟ್ಟಿದೆ.